ಅರವತ್ತರ ಮಂಡಿಗೆ ಫ್ರೀಸ್ಟೈಲ್: ಹಗುರ ಗಾಳಿಯಲ್ಲಿ ಹಾಯಿ ತಿರುಗಿಸಲು ಕಲಿಯುವ ಬಗೆ

ನನಗೀಗ ಅರವತ್ತೆರಡು. ಅಘನಾಶಿನಿಯ ಅಳಿವೆಯ ಪಕ್ಕದ ಊರಲ್ಲಿ ಹುಟ್ಟಿದವನು, ಕೆಲಸದ ನೆಪದಲ್ಲಿ ನೆದರ್‌ಲೆಂಡ್ಸ್ ಸೇರಿ, ಮೂವತ್ತು ವರ್ಷಗಳಿಂದ ಇಲ್ಲಿನ ಸಿಹಿನೀರಿನ ಸರೋವರಗಳಲ್ಲಿ ವಿಂಡ್‌ಸರ್ಫಿಂಗ್, ಅಂದರೆ ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯ ಬಲದಲ್ಲಿ ಸಾಗುವ ಆಟ, ಆಡುತ್ತಿದ್ದೇನೆ. ಅದರಲ್ಲಿ ಇಪ್ಪತ್ತೈದು ವರ್ಷ ನಾನು ಮಾಡಿದ್ದು ಒಂದೇ ಕೆಲಸ: ನೇರ ಹೋಗುವುದು, ತಿರುಗುವುದು, ನೇರ ಬರುವುದು. ಪಕ್ಕದಲ್ಲಿ ಹುಡುಗರು ಹಲಗೆಯನ್ನು ಹಾರಿಸಿ, ಗಿರಕಿ ಹೊಡೆಸಿ, ನೀರಿಗೆ ಬಿದ್ದು, ಎದ್ದು ಮತ್ತೆ ಅದನ್ನೇ ಮಾಡುತ್ತಿದ್ದರೆ ನನಗೆ ಸಿಡುಕು ಬರುತ್ತಿತ್ತು. ಇವರಿಗೆ ತಲುಪಬೇಕಾದ ದಡವೇ ಇಲ್ಲವೇ ಎಂದು. ಆ ಕಸರತ್ತಿನ ಆಟಕ್ಕೇ ಫ್ರೀಸ್ಟೈಲ್ ಎಂದು ಹೆಸರು.

ಆ ಸಿಡುಕು ಕರಗಿದ್ದು ಕೆರಿಬಿಯನ್ ಸಮುದ್ರದ ಬೊನೈರ್ ದ್ವೀಪದಲ್ಲಿ. ಅಲ್ಲಿನ ಲಾಕ್ ಬೇ ಎಂಬ ಕೊಲ್ಲಿಯ ಸೊರೊಬೊನ್ ದಂಡೆಯಲ್ಲಿ ಸೊಂಟದ ಆಳದ ನೀರು, ಹಗಲೆಲ್ಲ ಒಂದೇ ಹದದಲ್ಲಿ ಬೀಸುವ ವಾಣಿಜ್ಯ ಮಾರುತ. 2013ರ ಫ್ರೀಸ್ಟೈಲ್ ವಿಶ್ವ ಚಾಂಪಿಯನ್ ಕಿರಿ ಥೋಡೆ ಬೆಳೆದದ್ದು ಈ ದ್ವೀಪದಲ್ಲೇ. ಮೊದಲ ದಿನ ಸ್ಥಳೀಯ ಹುಡುಗರ ಆಟವನ್ನು ಎರಡು ಗಂಟೆ ನೋಡಿದರೂ ನನಗೆ ಕಂಡದ್ದು ನೊರೆ ಮಾತ್ರ. ಆ ವಾರದಲ್ಲಿ ಹೆಲಿ ಟ್ಯಾಕ್ ಎಂಬ ಹಳೆಯ, ನಿಧಾನದ ಒಂದು ವರಸೆಯನ್ನು ಅರೆಬರೆಯಾಗಿ ಕಲಿತೆ. ವಾರದ ಕೊನೆಗೆ ಅದೇ ದಂಡೆಯಲ್ಲಿ ಕುಳಿತು ನೋಡಿದಾಗ, ಆ ನೊರೆಯೊಳಗೆ ಹಾಯಿ ಎಲ್ಲಿದೆ, ಗಾಳಿ ಅದರ ಯಾವ ಬದಿಗೆ ಹೊಡೆಯುತ್ತಿದೆ ಎಂಬುದು ಕಾಣತೊಡಗಿತು. ಯಕ್ಷಗಾನ ನೋಡುವಾಗಲೂ ಹೀಗೆಯೇ. ಬಾಲ್ಯದಲ್ಲಿ ನಾಲ್ಕು ದಿನ ಹೆಜ್ಜೆ ಕಲಿತವನಿಗೆ ಮಂಡಿ ಕುಣಿತದಲ್ಲಿ ಯಾವ ಸುತ್ತು ತಾಳದೊಳಗೆ ಬಿತ್ತು, ಯಾವುದು ಜಾರಿತು ಎಂಬುದು ಗೊತ್ತಾಗುತ್ತದೆ. ಉಳಿದವರು ಚಪ್ಪಾಳೆ ತಟ್ಟುತ್ತಾರೆ, ಅಷ್ಟೇ.

ಹಾಗಾಗಿ ಈ ಬರಹ ವಲ್ಕನ್, ಸ್ಪಾಕ್ ಮುಂತಾದ ಹಾರುವ ವರಸೆಗಳನ್ನು ಕಲಿಸುವುದಿಲ್ಲ. ಅವುಗಳ ನಿಧಾನದ ಅಣ್ಣಂದಿರನ್ನು ಕಲಿಸುತ್ತದೆ. ಹಾಯಿ ಎತ್ತಿ ನೇರ ಹೋಗುವುದು, ಗಾಳಿಗೆದುರಾಗಿ ಮತ್ತು ಗಾಳಿಗೆ ಬೆನ್ನಾಗಿ ದಿಕ್ಕು ಬದಲಿಸುವುದು ನಿಮಗೆ ಬರುತ್ತದೆ ಎಂದುಕೊಂಡಿದ್ದೇನೆ. ಇವು ಬಾರದಿದ್ದರೆ ಮೊದಲು ಅವನ್ನು ಕಲಿಯಿರಿ.

ಒಂದು ಹಳೆಯ ಸಂಗತಿಯನ್ನು ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ವಯಸ್ಸಿನವರಿಗೆ ಧೈರ್ಯ ಕೊಡುವುದು ಅದೇ. ಫ್ರೀಸ್ಟೈಲ್ ಈಗಿನ ಹುಡುಗರ ಸೃಷ್ಟಿಯಲ್ಲ. ಹವಾಯಿಯ ವಿಂಡ್‌ಸರ್ಫರ್ ರಾಬಿ ನೇಶ್ 1976ರಲ್ಲಿ ಹದಿಮೂರನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದಾಗ ಎಲ್ಲರ ಕಾಲಡಿಯಲ್ಲಿದ್ದದ್ದು 12 ಅಡಿ ಉದ್ದದ ಭಾರದ ಹಲಗೆ. ಅದರ ಮೇಲೇ ಜನ ಹಾಯಿಯನ್ನು ಸುತ್ತಿಸಿದರು, ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸವಾರಿ ಮಾಡಿದರು. ಆಮೇಲೆ ಹಲಗೆ ಚಿಕ್ಕದಾಯಿತು, ಅಲೆ ಮತ್ತು ವೇಗದ ಗೀಳು ಬಂತು, ಈ ಆಟ ಮೂಲೆಗೆ ಸರಿಯಿತು. 1990ರ ದಶಕದ ಕೊನೆಗೆ ಗಿಡ್ಡ ಹಲಗೆಗಳ ಮೇಲೆ ಅದು ಹಾರುತ್ತಾ ಮರಳಿತು. ನಾವು ಕಲಿಯಲಿರುವುದು ಆ ಮೊದಲ ಕಾಲದ ಆಟ. ಅದು ಕೇಳುವುದು ತೋಳ್ಬಲಕ್ಕಿಂತ ಹೆಚ್ಚಾಗಿ ಸಮತೋಲನವನ್ನು.

ಮೊದಲ ಹೆಜ್ಜೆ: ನೀರು ಮತ್ತು ಗಾಳಿ

ಸೊಂಟದಿಂದ ಎದೆಯವರೆಗಿನ ಆಳ, ಅಲೆಯಿಲ್ಲದ ನೀರು. ಮಂಡಿಯ ಆಳ ಬೇಡವೇ ಬೇಡ. ಹಿಂದಕ್ಕೆ ಬಿದ್ದಾಗ ನೆಲ ತಾಗುತ್ತದೆ, ಹಲಗೆಯಡಿಯ ಮೀನುರೆಕ್ಕೆಯಂಥ ಫಿನ್ ಕೂಡ ತಾಗುತ್ತದೆ. ನಾನು ಹೋಗುವುದು ಎರ್ಮೆಲೊ ಬಳಿಯ ಸ್ಟ್ರಾಂಡ್ ಹೊರ್ಸ್ಟ್ ಎಂಬ ದಂಡೆಗೆ. ಅಲ್ಲಿ ಬಹುದೂರದವರೆಗೆ ನಿಂತುಕೊಳ್ಳಬಹುದಾದಷ್ಟೇ ನೀರು. ಅದರ ಕಾಟವೂ ಬೇರೆ: ಬೇಸಿಗೆಯಲ್ಲಿ ನೀರಿನಡಿಯ ಗಿಡಗಳು ಬೆಳೆದು ಫಿನ್‌ಗೆ ಜಡೆಯಂತೆ ಸುತ್ತಿಕೊಳ್ಳುತ್ತವೆ. ಹಿಂದಕ್ಕೆ ಓರೆಯಾಗಿ ಬಾಗಿದ ಫಿನ್ ಹಾಕಿದರೆ ಅವು ಜಾರಿ ಹೋಗುತ್ತವೆ. ಚಿಪ್ಪುಗಳು ಅಂಗಾಲನ್ನು ಕೊಯ್ಯುವುದರಿಂದ ತೆಳು ಅಡಿಯ ರಬ್ಬರ್ ಬೂಟು ಕಡ್ಡಾಯ. ನೀಲಿಹಸಿರು ಪಾಚಿಯ ಎಚ್ಚರಿಕೆ ಫಲಕ ಕಂಡರೆ ಆ ದಿನ ಮನೆಗೆ ಮರಳಿ.

ಗಾಳಿ 7ರಿಂದ 10 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಇರಲಿ, ಗಾಳಿಯ ಬಲ ಅಳೆಯುವ ಬ್ಯೂಫೋರ್ಟ್ ಲೆಕ್ಕದಲ್ಲಿ ಮೂರು. ಅದಕ್ಕಿಂತ ಕಡಿಮೆಯಾದರೆ ಹಾಯಿ ಸತ್ತ ಬಟ್ಟೆ, ಕೈಗೆ ಏನನ್ನೂ ಹೇಳುವುದಿಲ್ಲ. 12 ದಾಟಿದರೆ ನಾನು ಮುಂದೆ ಹೇಳುವ ಉಲ್ಟಾ ಗಾಳಿಯ ಹಿಡಿತದಲ್ಲಿ ಅದು ನಿಮ್ಮನ್ನು ಎತ್ತಿ ಎಸೆಯುತ್ತದೆ. ಉಳಿದವರು ಗಾಳಿಯಿಲ್ಲ ಎಂದು ಕಾರಿನಲ್ಲಿ ಕುಳಿತು ಕಾಫಿ ಕುಡಿಯುವ ದಿನವೇ ನಿಮ್ಮ ದಿನ. ದಡಕ್ಕೆ ಓರೆಯಾಗಿ, ದಡದ ಕಡೆಗೇ ಬೀಸುವ ಗಾಳಿಯನ್ನು ಆರಿಸಿ. ದಡದಿಂದ ಒಳನೀರಿಗೆ ಬೀಸುವ ಗಾಳಿ ಎಷ್ಟೇ ಹಗುರವಾಗಿರಲಿ, ದಣಿದವನನ್ನು ಹಿಂದಿರುಗಲು ಬಿಡುವುದಿಲ್ಲ.

ಎರಡನೆಯದು: ಸಾಮಾನು

ಹುಡುಗರ ಫ್ರೀಸ್ಟೈಲ್ ಹಲಗೆ ಸುಮಾರು 90ರಿಂದ 105 ಲೀಟರ್. ಅದರ ಮೇಲೆ ಹಗುರ ಗಾಳಿಯಲ್ಲಿ ನಿಂತರೆ ಮುಳುಗುತ್ತೀರಿ. ನಿಮ್ಮ ತೂಕದ ಕಿಲೋ ಸಂಖ್ಯೆಗೆ 60ರಿಂದ 80 ಕೂಡಿಸಿ, ಅಷ್ಟು ಲೀಟರ್ ಹಲಗೆ ಹುಡುಕಿ. ನನ್ನದು 74 ಕಿಲೋ, ಹಲಗೆ 145 ಲೀಟರ್. ಬಾಡಿಗೆಯಂಗಡಿಯ ಹೊಸಬರ ಅಗಲ ಹಲಗೆಯೂ ನಡೆಯುತ್ತದೆ, ನಾಚಿಕೆ ಬೇಡ. ಹಳೆಯ ಉದ್ದ ಹಲಗೆ ಯಾರದಾದರೂ ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿದ್ದರೆ ಬಿಡಬೇಡಿ. ಹಲಗೆಯ ನಡುವಿನಿಂದ ನೀರಿಗೆ ಇಳಿಯುವ ಪಟ್ಟಿ, ಡ್ಯಾಗರ್‌ಬೋರ್ಡ್, ಇದ್ದರೆ ತಿರುಗುವ ವರಸೆಗಳಿಗೆ ಅದನ್ನು ಮೇಲೆತ್ತಿಡಿ.

ಹಾಯಿ 4.5ರಿಂದ 5 ಚದರ ಮೀಟರ್. ದೊಡ್ಡ ಹಾಯಿ ಹಗುರ ಗಾಳಿಗೆ ಒಳ್ಳೆಯದು ಎಂಬ ಸಾಮಾನ್ಯ ಲೆಕ್ಕ ಇಲ್ಲಿ ತಲೆಕೆಳಗು. ನಾವು ಓಡುವುದಿಲ್ಲ, ಹಾಯಿಯನ್ನು ಕೈಯಿಂದ ಕೈಗೆ ದಾಟಿಸುತ್ತೇವೆ, ಆದ್ದರಿಂದ ತೂಕವೇ ಶತ್ರು. ಹಾಯಿಯನ್ನು ಹಿಡಿಯುವ ಅಡ್ಡಕೋಲು, ಅಂದರೆ ಬೂಮ್, ಎದೆಯ ಮಟ್ಟಕ್ಕಿರಲಿ. ಸೊಂಟದ ಕೊಕ್ಕೆಪಟ್ಟಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಹಲಗೆಯ ಮೇಲಿನ ಪಾದಪಟ್ಟಿಗಳನ್ನು ಸ್ಕ್ರೂ ಬಿಚ್ಚಿ ತೆಗೆದುಬಿಡಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಹಿಂದಕ್ಕೆ ಹೆಜ್ಜೆ ಇಡುವಾಗ ಅವುಗಳಿಗೆ ಕಿರುಬೆರಳು ಸಿಕ್ಕಿ ಮುರಿದುಕೊಂಡವನು ನಾನು. ಆರು ವಾರ ಚಪ್ಪಲಿಯಲ್ಲಿ ಕಚೇರಿಗೆ ಹೋದೆ.

ಹೆಲ್ಮೆಟ್ ಹಾಕಿ. ಬೂಮ್ ಮತ್ತು ಹಾಯಿಯ ಕಂಬವಾದ ಮಾಸ್ಟ್ ತಲೆಯ ಸುತ್ತಲೇ ಓಡಾಡುವ ಆಟ ಇದು. ಪಕ್ಕೆಲುಬಿಗೆ ಮೆತ್ತೆಯಿರುವ ತೇಲುವ ಅಂಗಿ ಇದ್ದರೆ ಬಿದ್ದಾಗಲೂ ಒಳ್ಳೆಯದು, ಏಳುವಾಗಲೂ ಒಳ್ಳೆಯದು.

ಮೂರನೆಯದು: ದಡದ ಮೇಲೆ ಇಪ್ಪತ್ತು ನಿಮಿಷ

ಇದನ್ನು ಯಾರೂ ಮಾಡುವುದಿಲ್ಲ. ನೋಡುವವರು ನಗುತ್ತಾರೆ. ಆದರೆ ನನ್ನ ಕಲಿಕೆಯ ಅರ್ಧ ನಡೆದದ್ದು ಹುಲ್ಲಿನ ಮೇಲೆಯೇ.

ಹಾಯಿಯನ್ನು ಹಲಗೆಯಿಂದ ಬಿಡಿಸಿ, ಮಾಸ್ಟಿನ ಬುಡವನ್ನು ಮರಳಿನ ಚಿಕ್ಕ ಗುಳಿಯಲ್ಲೋ ಹಳೆಯ ಟೈರಿನ ನಡುವೆಯೋ ಊರಿ ನಿಲ್ಲಿಸಿ. ಗಾಳಿಗೆ ಬೆನ್ನು ಮಾಡಿ ಎಂದಿನಂತೆ ಬೂಮ್ ಹಿಡಿಯಿರಿ. ಹಾಯಿ ಎಳೆಯುತ್ತದೆ, ನೀವು ತಡೆಯುತ್ತೀರಿ. ಈಗ ಹಿಂದಿನ ಕೈ ಬಿಡಿ. ಹಾಯಿ ಧ್ವಜದಂತೆ ಹಾರುತ್ತದೆ. ಮಾಸ್ಟ್ ಕಡೆಯ ಕೈಯಿಂದ ಅದನ್ನು ಗಾಳಿ ಬರುವ ಕಡೆಗೆ ತುಸು ಓರೆಮಾಡಿ, ಹಾಯಿಯ ಬಾಲ, ಅಂದರೆ ಮಾಸ್ಟಿಗೆ ದೂರದ ತುದಿ, ತಾನಾಗಿ ಸುತ್ತಿ ಬರಲು ಬಿಟ್ಟು, ಬೂಮಿನ ಇನ್ನೊಂದು ಬದಿಯನ್ನು ಹಿಡಿಯಿರಿ. ಹತ್ತು ಸಲ. ಕಣ್ಣು ಹಾಯಿಯ ಮೇಲೆ ಬೇಡ, ಹೋಗಬೇಕಾದ ದಿಕ್ಕಿನ ಮೇಲಿರಲಿ.

ಆಮೇಲೆ ಮುಖ್ಯವಾದದ್ದು. ಹಾಯಿಯ ಆಚೆ ಬದಿಗೆ ನಡೆದು ಹೋಗಿ ನಿಲ್ಲಿ. ಈಗ ಗಾಳಿ ಮತ್ತು ನಿಮ್ಮ ನಡುವೆ ಹಾಯಿ ಇದೆ. ಗಾಳಿ ಅದನ್ನು ನಿಮ್ಮ ಮೇಲೆ ತಳ್ಳುತ್ತದೆ, ನೀವು ಮರಳಿ ತಳ್ಳಬೇಕು. ಇದನ್ನೇ ನಾನು ಉಲ್ಟಾ ಗಾಳಿ ಎನ್ನುತ್ತೇನೆ. ದಶಕಗಳ ಕಾಲ ಎಳೆಯುವುದನ್ನೇ ಕಲಿತ ಸ್ನಾಯುಗಳಿಗೆ ತಳ್ಳುವುದು ಪರಭಾಷೆ. ಮೊಣಕೈ ಮಡಚಿದರೆ ಸೋತಿರಿ. ತೋಳು ನೇರವಾಗಿ ಚಾಚಿ, ಸೊಂಟ ಇಳಿಸಿ, ತುಂಬಿದ ಬಸ್ಸಿನ ಬಾಗಿಲನ್ನು ಒಳಗಿನಿಂದ ಒತ್ತಿ ಹಿಡಿದವರಂತೆ ಮೈಭಾರವನ್ನು ಬೂಮಿಗೆ ಕೊಡಿ. ಗಾಳಿ ಏರಿಳಿದಂತೆ ನೀವೂ ಏರಿಳಿಯುವುದು ರೂಢಿಯಾಗುವವರೆಗೆ ನೀರಿಗೆ ಇಳಿಯಬೇಡಿ.

ನಾಲ್ಕನೆಯದು: ನೀರಿನಲ್ಲಿ ಎರಡು ಅಪರಿಚಿತ ಭಂಗಿಗಳು

ಹಾಯಿ ಎತ್ತುವಾಗ ಬೆನ್ನು ನೆಟ್ಟಗೆ, ಮಂಡಿ ಮಡಿಸಿ, ಮೈಯನ್ನು ಹಿಂದಕ್ಕೆ ಒರಗಿಸಿ. ಹಾಯಿ ಮೇಲಿನ ನೀರು ಹರಿದು ಹೋಗುವವರೆಗೆ ಕಾಯಿರಿ. ಅವಸರದಿಂದ ಬೆನ್ನಲ್ಲಿ ಎಳೆದರೆ ಅಂದಿನ ಅಭ್ಯಾಸ ಅಲ್ಲಿಗೆ ಮುಗಿಯುತ್ತದೆ.

ಮೊದಲ ಭಂಗಿ, ಹಾಯಿಯ ಬಾಲ ಮುಂದಾಗಿ ಸಾಗುವುದು. ಸಾಮಾನ್ಯವಾಗಿ ಮಾಸ್ಟ್ ಹಲಗೆಯ ಮೂತಿಯ ಕಡೆಗಿರುತ್ತದೆ. ಗಾಳಿಗೆ ಬೆನ್ನಾಗಿ ತಿರುಗಿದ ಮೇಲೆ ಹಾಯಿಯನ್ನು ತಿರುಗಿಸದೆ ಹಾಗೇ ಹಿಡಿದರೆ ಬಾಲ ಮುಂದಾಗುತ್ತದೆ. ಹಾಯಿ ಒರಟಾಗಿ ಜಗ್ಗುತ್ತದೆ. ಎರಡೂ ಕೈಗಳನ್ನು ಬೂಮಿನಲ್ಲಿ ತುಸು ಹಿಂದಕ್ಕೆ ಸರಿಸಿದರೆ ಸಮಾಧಾನವಾಗುತ್ತದೆ. ಇಪ್ಪತ್ತು ಮೀಟರ್ ಹೀಗೆ ಹೋಗಲು ಬಂದರೆ ಸಾಕು.

ಎರಡನೆಯದು, ದಡದಲ್ಲಿ ಮಾಡಿದ ಉಲ್ಟಾ ಗಾಳಿ. ನಿಧಾನ ಸಾಗುತ್ತಿರುವಾಗ ಹಾಯಿಯನ್ನು ಸಡಿಲಿಸಿ, ಮಾಸ್ಟಿನ ಮುಂದಿನಿಂದ ಸುತ್ತಿ ಆಚೆ ಬದಿಗೆ ಹೆಜ್ಜೆ ಇಡಿ, ಆದರೆ ಹಲಗೆಯ ದಿಕ್ಕು ಬದಲಾಗದಿರಲಿ. ಬೂಮ್ ಹಿಡಿದು ತಳ್ಳುತ್ತಾ ಸಾಗಿ. ಮೊದಲ ಹತ್ತು ಯತ್ನಗಳಲ್ಲಿ ಬೆನ್ನಡಿಯಾಗಿ ಬೀಳುತ್ತೀರಿ, ಹಾಯಿ ಮೇಲೆ ಕವುಚಿಕೊಳ್ಳುತ್ತದೆ. ಗಾಬರಿ ಬೇಡ. ಒಂದು ಕೈಯಿಂದ ಬಟ್ಟೆಯನ್ನು ಮೇಲಕ್ಕೆ ಎತ್ತಿದರೆ ಉಸಿರಿಗೆ ಜಾಗವಾಗುತ್ತದೆ. ಮಾಸ್ಟನ್ನೋ ಬೂಮನ್ನೋ ಹಿಡಿದು ಒಂದೇ ದಿಕ್ಕಿಗೆ ಸರಿಯುತ್ತಾ ಹೊರಬನ್ನಿ. ಬೀಳುವಾಗ ಬೂಮ್ ಬಿಡದಿರುವುದು ಮೇಲು, ಕೈಗೆ ಸಿಕ್ಕಿದ ಬೂಮ್ ತಲೆಗೆ ಬಡಿಯುವುದಿಲ್ಲ. ಕಾಲು ಮೊದಲಾಗಿ ನೆಗೆಯಬೇಡಿ, ಚಪ್ಪಟೆಯಾಗಿ ಬೀಳಿ.

ಐದನೆಯದು: ಹೆಲಿ ಟ್ಯಾಕ್

ಇಲ್ಲಿಗೆ ಬರಲೆಂದೇ ಇಷ್ಟು ಸಿದ್ಧತೆ. ಗಾಳಿಗೆದುರಾಗಿ ದಿಕ್ಕು ಬದಲಿಸುವಾಗ ನೀವು ಮಾಸ್ಟಿನ ಸುತ್ತ ನಡೆಯುತ್ತೀರಿ. ಇದರಲ್ಲಿ ನೀವು ನಡೆಯುವುದಿಲ್ಲ, ಹಾಯಿಯೇ ಹೆಲಿಕಾಪ್ಟರ್ ರೆಕ್ಕೆಯಂತೆ ಸುತ್ತುತ್ತದೆ.

ಸಾಧಾರಣ ವೇಗದಲ್ಲಿ ಗಾಳಿಗೆ ಅಡ್ಡಲಾಗಿ ಸಾಗಿ. ಮಾಸ್ಟನ್ನು ಹಿಂದಕ್ಕೆ ಒರಗಿಸಿದರೆ ಮೂತಿ ಗಾಳಿಯ ಕಡೆಗೆ ತಿರುಗುತ್ತದೆ. ಮಾಸ್ಟ್ ಕಡೆಯ ಕೈಯನ್ನು ಬೂಮಿನ ತುದಿಗೆ, ಮಾಸ್ಟಿಗೆ ತಾಗುವಂತೆ ಸರಿಸಿ. ಮುಂದಿನ ಪಾದ ಮಾಸ್ಟಿನ ಬುಡದ ಪಕ್ಕಕ್ಕೆ ಬರಲಿ.

ಮೂತಿ ಗಾಳಿಯ ಕಣ್ಣಿಗೆ, ಅಂದರೆ ಗಾಳಿ ಬರುವ ದಿಕ್ಕಿಗೆ, ನೇರವಾದ ಕ್ಷಣದಲ್ಲಿ ಹಾಯಿ ಹಲಗೆಯ ನಡುಗೆರೆಯ ಮೇಲೆ ನಿಂತಿರುತ್ತದೆ. ಈಗ ಹಿಂದಿನ ಕೈಯಿಂದ ಬೂಮನ್ನು ಹೊರಕ್ಕೆ, ಗಾಳಿಯೊಳಕ್ಕೆ ತಳ್ಳಿ. ಅದೇ ಉಸಿರಿನಲ್ಲಿ ಮಾಸ್ಟನ್ನು ಮುಂದಕ್ಕೆ ಬಾಗಿಸಿ, ಮೈಭಾರವನ್ನು ಮುಂದಿನ ಪಾದಕ್ಕೆ ಕೊಡಿ. ಗಾಳಿ ಹಾಯಿಯ ಉಲ್ಟಾ ಬದಿಗೆ ಹೊಡೆದು ಮೂತಿಯನ್ನು ಆಚೆ ದಿಕ್ಕಿಗೆ ದೂಡುತ್ತದೆ. ಹಲಗೆ ನಿಧಾನ ತಿರುಗುತ್ತಿರುತ್ತದೆ. ಇಲ್ಲಿ ಕಾಯಬೇಕು. ಎರಡು ಸೆಕೆಂಡ್ ಇರಬಹುದು, ಆದರೆ ಬಸ್ಸಿಗೆ ಕಾದಷ್ಟು ಉದ್ದ ಅನ್ನಿಸುತ್ತದೆ.

ಹಲಗೆ ಹೊಸ ದಿಕ್ಕಿನಲ್ಲಿ ಗಾಳಿಗೆ ಅಡ್ಡವನ್ನೂ ದಾಟಿ ಗಾಳಿ ಹೋಗುವ ಕಡೆಗೆ ತುಸು ತಿರುಗಿದ ಮೇಲೆ ಹಿಂದಿನ ಕೈ ಬಿಡಿ. ಹಾಯಿ ಮೂತಿಯ ಮೇಲಿಂದ ಸುತ್ತಿ ಬರುತ್ತದೆ, ದಡದಲ್ಲಿ ಹತ್ತು ಸಲ ಮಾಡಿದಂತೆಯೇ. ಪಾದಗಳನ್ನು ಬದಲಿಸಿ, ಹೊಸ ಬದಿಯ ಬೂಮ್ ಹಿಡಿದು ಮುಂದೆ ಸಾಗಿ.

ತಪ್ಪುವುದು ಸಾಮಾನ್ಯವಾಗಿ ಮೂರೇ ಕಡೆ. ಬೇಗ ತಳ್ಳಿದರೆ, ಅಂದರೆ ಮೂತಿ ಗಾಳಿಯ ಕಣ್ಣಿಗೆ ಬರುವ ಮೊದಲೇ ತಳ್ಳಿದರೆ, ಹಲಗೆ ನಿಂತು ಹಿಂದಕ್ಕೆ ಹೋಗುತ್ತದೆ. ಮಾಸ್ಟನ್ನು ಮುಂದಕ್ಕೆ ಬಾಗಿಸದಿದ್ದರೆ ಹಲಗೆ ಮತ್ತೆ ಗಾಳಿಗೆ ಮುಖಮಾಡಿ ಮೊಂಡು ಹಿಡಿಯುತ್ತದೆ. ಮೂರನೆಯದು ನನ್ನದು, ನಾಲ್ಕು ತಿಂಗಳು ಕಾಡಿದ್ದು: ಹಾಯಿ ತಳ್ಳುತ್ತಿದೆ ಎಂಬ ಭಯಕ್ಕೆ ಹಿಂದಿನ ಕೈಯನ್ನು ಬೇಗ ಬಿಡುವುದು. ಹಾಯಿ ಅರ್ಧ ಸುತ್ತಿ ಮುಖದ ಮುಂದೆ ನಿಲ್ಲುತ್ತದೆ, ನೀವು ಮರ್ಯಾದೆಯಿಂದ ನೀರಿಗೆ ಇಳಿಯುತ್ತೀರಿ. ಇದಕ್ಕೆ ಮದ್ದು, ತಳ್ಳಿದ ಮೇಲೆ ಗಟ್ಟಿಯಾಗಿ ಒಂದು, ಎರಡು, ಮೂರು ಎಂದು ಎಣಿಸುವುದು. ನಾನು ಕನ್ನಡದಲ್ಲಿ ಎಣಿಸುವುದನ್ನು ಕೇಳಿ ಪಕ್ಕದ ಡಚ್ ಅಜ್ಜ ಒಮ್ಮೆ ನನಗೆ ಸಹಾಯ ಬೇಕೇನೋ ಎಂದು ಧಾವಿಸಿ ಬಂದಿದ್ದರು.

ಒಂದು ಬದಿ ಬಂದ ಕೂಡಲೇ ಇನ್ನೊಂದು ಬದಿ ಬರುವುದಿಲ್ಲ. ಎಡಗೈಯಲ್ಲಿ ರಂಗೋಲಿ ಹಾಕಿದ ಹಾಗೆ. ಸ್ಪರ್ಧೆಗಳಲ್ಲಿ ಎರಡೂ ದಿಕ್ಕಿನ ವರಸೆಗಳನ್ನು ತೂಗುವುದು ಸುಮ್ಮನೆ ಅಲ್ಲ.

ಆರನೆಯದು: ಅದರ ನೆಂಟರು

ಮೇಲ್ಗಾಳಿಯ 360, ಅಂದರೆ ಗಾಳಿ ಬರುವ ಕಡೆಗೆ ತಿರುಗುತ್ತಾ ಹಾಕುವ ಪೂರ್ತಿ ಸುತ್ತು. ಹೆಲಿ ಟ್ಯಾಕ್‌ನಂತೆಯೇ ಆರಂಭ. ಆದರೆ ಕೈ ಬಿಡಬೇಕಾದಲ್ಲಿ ಬಿಡದೆ, ಹಾಯಿಯನ್ನು ನೀರಿನ ಹತ್ತಿರಕ್ಕೆ ಇಳಿಸಿ ತಳ್ಳುತ್ತಲೇ ಇರಿ. ಹಲಗೆ ಪೂರ್ತಿ ಒಂದು ಸುತ್ತು ಬಂದು ಹೊರಟ ದಿಕ್ಕಿಗೇ ನಿಲ್ಲುತ್ತದೆ. ನಡುವೆ ಒಂದಿಷ್ಟು ಹೊತ್ತು ಹಾಯಿಯ ಬಾಲ ಮುಂದಾಗುತ್ತದೆ, ಅದಕ್ಕೇ ಆ ಭಂಗಿಯನ್ನು ಮೊದಲೇ ಕಲಿಸಿದ್ದು.

ಡಕ್ ಜೈಬ್. ಗಾಳಿಗೆ ಬೆನ್ನಾಗಿ ತಿರುಗುತ್ತಿರುವಾಗ ಮಾಸ್ಟ್ ಕಡೆಯ ಕೈಯನ್ನು ಬಿಟ್ಟು, ಹಿಂದಿನ ಕೈಯನ್ನೂ ದಾಟಿಸಿ ಬೂಮಿನ ಬಾಲದ ಕಡೆ ಹಿಡಿಯಿರಿ. ಬೂಮಿನ ತುದಿಯನ್ನು ಹೆಗಲ ಹಿಂದಕ್ಕೆ ಎಳೆದು, ಹಾಯಿಯ ಅಡಿಯಿಂದ ತಲೆ ತಗ್ಗಿಸಿ ನುಸುಳಿ, ಆಚೆ ಬದಿಯ ಬೂಮನ್ನು ಸಾಧ್ಯವಾದಷ್ಟು ಮುಂದೆ ಹಿಡಿಯಿರಿ. ಹಳ್ಳಿಮನೆಯ ತಗ್ಗು ಬಾಗಿಲಲ್ಲಿ ಓಡಾಡಿ ಬೆಳೆದವರಿಗೆ ಬಗ್ಗುವುದು ಕಷ್ಟವಲ್ಲ. ಹೆಗಲು ಹಿಡಿದುಕೊಳ್ಳುವ ತೊಂದರೆ ಇದ್ದವರು ಮಾತ್ರ ಇದನ್ನು ಬಿಟ್ಟುಬಿಡುವುದು ಒಳಿತು.

ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸುವ ರೇಲ್ ರೈಡ್ ಬಗ್ಗೆ ಬರೆಯುವುದಿಲ್ಲ. ನನ್ನ ಮೊಣಗಂಟಿನ ಮೂಳೆಗೆ ಅದರ ನೆನಪು ಇನ್ನೂ ಇದೆ.

ಅಭ್ಯಾಸದ ಲೆಕ್ಕ: ಒಂದು ಸಲಕ್ಕೆ ನಲವತ್ತು ನಿಮಿಷ, ಒಂದೇ ವರಸೆ, ಪ್ರತಿ ಬದಿಗೆ ಹತ್ತು ಯತ್ನ. ಹನ್ನೊಂದನೆಯದಕ್ಕೆ ಆಸೆ ಪಡಬೇಡಿ. ಪೆಟ್ಟು ಬೀಳುವುದು ಯಾವಾಗಲೂ ಹನ್ನೊಂದನೆಯದರಲ್ಲೇ. ನೀರಿಗೆ ಇಳಿಯುವ ಮೊದಲು ಹೆಗಲು ಮತ್ತು ಸೊಂಟವನ್ನು ಬಿಸಿ ಮಾಡಿಕೊಳ್ಳಿ, ಮರುದಿನ ವಿಶ್ರಾಂತಿ.

ಏಳನೆಯದು: ಈಗ ದಂಡೆಯಲ್ಲಿ ಕುಳಿತು ನೋಡಿ

ಗಾಳಿ 20 ನಾಟ್ ದಾಟಿದ ದಿನ ನಿಮ್ಮ ಹಾಯಿಯನ್ನು ಸುತ್ತಿಟ್ಟು, ಹುಡುಗರ ಎದುರು ಕುರ್ಚಿ ಹಾಕಿ. ಪರಿಚಯದ ಮುಖಗಳು ಕಾಣುತ್ತವೆ.

ವಲ್ಕನ್‌ನಲ್ಲಿ ಹಲಗೆ ನೀರುಬಿಟ್ಟು ಅರ್ಧ ಸುತ್ತು ತಿರುಗಿ, ಹಿಂದಕ್ಕೆ ಜಾರುತ್ತಾ ಇಳಿಯುತ್ತದೆ. ಅಷ್ಟರೊಳಗೆ ಕೈಗಳು ಬೂಮಿನ ಒಂದು ಬದಿಯಿಂದ ಇನ್ನೊಂದಕ್ಕೆ ದಾಟಿರುತ್ತವೆ. ನೀವು ಹುಲ್ಲಿನ ಮೇಲೆ ಮಾಡಿದ ಕೈಬದಲೇ ಅದು, ಕಣ್ಣು ಮಿಟುಕಿಸುವಷ್ಟರಲ್ಲಿ. ಸ್ಪಾಕ್ ಎಂದರೆ ಅದೇ ವಲ್ಕನ್ ನಿಲ್ಲದೆ ಮುಂದೆಯೂ ಸುತ್ತುವುದು. ಹಿಂದಕ್ಕೆ ಜಾರುವಾಗ ಹಾಯಿಯ ಬಾಲ ಯಾವ ಕಡೆಗಿದೆ ನೋಡಿ. ಫ್ಲಾಕಾ, ಸ್ಪ್ಯಾನಿಶ್‌ನಲ್ಲಿ ತೆಳ್ಳಗಿನವಳು ಎಂಬರ್ಥದ ಪದ, ಮೇಲ್ಗಾಳಿಯ 360ರ ಹಾರುವ ತಂಗಿ: ಹಲಗೆ ಗಾಳಿಯ ಕಡೆಗೆ ನೆಗೆದು ತಿರುಗುತ್ತದೆ, ಸವಾರ ಉಲ್ಟಾ ಗಾಳಿಯ ಮೇಲೆ ಒರಗಿ ಜಾರುತ್ತಾನೆ. ನೀವು ಮೂರರವರೆಗೆ ಎಣಿಸಿ ಕಾದ ಆ ಒರಗುವಿಕೆ ಅಲ್ಲಿ ಕ್ಷಣಮಾತ್ರ. ಭಯಕ್ಕೆ ಕೈ ಬೇಗ ಬಿಟ್ಟವನು ಅಲ್ಲಿಯೂ ನಿಮ್ಮಂತೆಯೇ ಬೀಳುತ್ತಾನೆ.

ಎತ್ತರವನ್ನು ನೋಡಬೇಡಿ. ಇಳಿದ ಮೇಲೆ ವೇಗ ಉಳಿಯಿತೇ, ಹಾಯಿ ಮೈಗೆ ಹತ್ತಿರವಿತ್ತೇ, ತಿರುಗುವಿಕೆ ನಡುವೆ ಕಡಿಯಿತೇ ಎಂಬುದನ್ನು ನೋಡಿ. ವೆನೆಜುವೆಲಾದ ಮಾರ್ಗರಿಟಾ ದ್ವೀಪದ ಎಲ್ ಯಾಕೆಯಿಂದ ಬಂದು ಒಂಬತ್ತು ಸಲ ವಿಶ್ವ ಚಾಂಪಿಯನ್ ಆದ ಗೊಲಿಟೊ ಎಸ್ಟ್ರೇಡೊ, ಅರೂಬಾದ ಸಾರಾ ಕೀಟಾ ಆಫ್ರಿಂಗಾ ಇವರ ವಿಡಿಯೊಗಳನ್ನು ಅರ್ಧ ವೇಗದಲ್ಲಿ ಹಾಕಿ, ಹಲಗೆಯನ್ನು ಮರೆತು ಹಿಂದಿನ ಕೈಯೊಂದನ್ನೇ ನೋಡಿ. ನಾನು ಚಳಿಗಾಲದ ಸಂಜೆಗಳನ್ನು ಹೀಗೆಯೇ ಕಳೆಯುತ್ತೇನೆ. ಹೆಂಡತಿಗೆ ಮಾತ್ರ ಒಂದೇ ವಿಡಿಯೊವನ್ನು ನಲವತ್ತು ಸಲ ನೋಡುವುದೇಕೆ ಎಂದು ಇನ್ನೂ ಅರ್ಥವಾಗಿಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ನನ್ನ ಲೆಕ್ಕದ ಪುಸ್ತಕ ಹೀಗಿತ್ತು: ಬಲಬದಿಯ ಹೆಲಿ ಟ್ಯಾಕ್ ಹತ್ತಕ್ಕೆ ಎಂಟು, ಎಡಬದಿಯದು ಹತ್ತಕ್ಕೆ ಎರಡು. ಆ ಎರಡರಲ್ಲಿ ಒಂದು, ಪಕ್ಕದಲ್ಲಿ ಹಾದುಹೋದ ದೋಣಿಯ ಅಲೆ ತಳ್ಳಿದ್ದರಿಂದ ಆದದ್ದು. ಆದರೂ ಬರೆದುಕೊಂಡಿದ್ದೇನೆ.